ಹತ್ತು ಕಿಲೋ, ಹನ್ನೆರಡು ಲೀಟರ್

ಹೊನ್ನಾವರದಿಂದ ಗೇರುಸೊಪ್ಪೆಗೆ ಹೋಗುವ ಲಾಂಚಿನ ಡ್ರೈವರ್ ಬೀರನನ್ನು ಡೀಸೆಲ್ ಕಳ್ಳ ಎಂದು ಹೇಳಿ, ಬಂದರಿನಲ್ಲಿ ಪ್ರಯಾಣಿಕರ ಎದುರೇ ಕೆಲಸದಿಂದ ಕೆಳಗಿಳಿಸಿದರು. ಬೀರ ಕದ್ದಿರಲಿಲ್ಲ.

ಅರವತ್ತೆರಡನೇ ಇಸವಿ. ಸೇರು, ಗ್ಯಾಲನ್ನುಗಳು ಹೋಗಿ ಕಿಲೋ, ಲೀಟರು ಬಂದಿದ್ದವು. ಲಾಂಚಿಗೂ ಹೊಸ ಎಂಜಿನ್ ಬಂದಿತ್ತು. ಅದರ ಜೊತೆ ಬಂದ ಕಾಗದದಲ್ಲಿ, ತುಂಬು ವೇಗದಲ್ಲಿ ಗಂಟೆಗೆ ಹತ್ತು ಕಿಲೋ ಎಣ್ಣೆ ಎಂದು ಅಚ್ಚಾಗಿತ್ತು. ಒಂದು ಲೀಟರ್ ಎಂದರೆ ಒಂದು ಕಿಲೋ ಎಂದು ಊರಿಗೆ ಊರೇ ಬಾಯಿಪಾಠ ಮಾಡಿಕೊಂಡಿದ್ದ ಕಾಲ. ಲಾಂಚಿನ ಮಾಲಕ ರಮಾನಂದ ಗಂಟೆಗೆ ಹತ್ತು ಲೀಟರಿನಂತೆ ಲೆಕ್ಕ ಹಾಕಿದ. ಬೀರ ಪ್ರತಿ ಸಲ ಹನ್ನೆರಡು ಕೇಳುತ್ತಿದ್ದ.

"ಆ ಎರಡು ಲೀಟರ್ ಯಾರು ಕುಡಿತಾರೋ?"

"ಎಂಜಿನ್ ಕುಡಿತದೆ ಒಡ್ಯಾ."

"ಎಂಜಿನ್ನೋ, ನೀನೋ?"

ಇಡೀ ಬಂದರು ನಕ್ಕಿತು. ಕಾಗದ ಕೈಯಲ್ಲಿದ್ದವನ ಪಕ್ಷ ಸೇರಿಯೇ ಜನ ನಗುವುದು. ಭಟ್ಕಳದಿಂದ ಬೇರೆ ಡ್ರೈವರನನ್ನು ಕರೆಸಲು ಆಳು ಹೋದ. ಇನ್ನು ಕುಮಟೆಯಲ್ಲಾಗಲಿ ಭಟ್ಕಳದಲ್ಲಾಗಲಿ ಬೀರನ ಕೈಗೆ ಎಂಜಿನ್ ಕೊಡುವವರಿರಲಿಲ್ಲ. ಹೊಳೆಯ ಮೇಲೆ ಸುದ್ದಿ ಲಾಂಚಿಗಿಂತ ಬೇಗ ಓಡುತ್ತದೆ.

ಆ ಸಂಜೆ ಅವನ ಹೆಂಡತಿ ಗಂಗೆ, ಮಾರಲು ಒಯ್ದ ಸೊಪ್ಪಿನ ಬುಟ್ಟಿಯನ್ನು ಹಾಗೇ ಹೊತ್ತುಕೊಂಡು ಸುಮತಿಯ ಬಾಗಿಲಿಗೆ ಬಂದಳು. ಸುಮತಿ ಕುಮಟೆಯವಳು, ಹೊನ್ನಾವರದ ಹೆಣ್ಣುಮಕ್ಕಳ ಶಾಲೆಯ ಅಕ್ಕೋರು. ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು.

"ಅಕ್ಕೋರೇ, ಹತ್ತು ಕಿಲೋ ಎಣ್ಣೆ ಅಂದ್ರೆ ಎಷ್ಟು ಲೀಟರು?"

"ಹತ್ತೇ ಮಾರಾಯ್ತಿ. ಲೀಟರಿಗೆ ಒಂದು ಕಿಲೋ."

"ಹಂಗಾರೆ ನಮ್ಮನೆಯವ್ರು ಕಳ್ಳ್ರೇ ಅಂತ ಆತು."

ಗಂಗೆ ಅಳಲಿಲ್ಲ. ನಡೆದದ್ದನ್ನೆಲ್ಲ ಎರಡು ಮಾತಿನಲ್ಲಿ ಹೇಳಿ ಬುಟ್ಟಿ ಎತ್ತಿಕೊಂಡು ಅಂಗಳ ಇಳಿದಳು. ಸುಮತಿ ಅಲ್ಲೇ ಕೂತಳು. ಅಕ್ಕೋರು ಹೇಳಿದ ಮೇಲೆ ಮುಗಿಯಿತು ಎಂದು ನಂಬಿ ಬಂದವಳಿಗೆ ತಾನು ಯೋಚಿಸದೆಯೇ ತೀರ್ಪು ಕೊಟ್ಟಿದ್ದೆ ಎಂಬುದು ಅವಳನ್ನು ಚುಚ್ಚತೊಡಗಿತು. ಎದುರಿಗೆ ಗಾಜಿನ ಲೋಟದ ದೀಪ. ಅರ್ಧಕ್ಕೆ ನೀರು ಹೊಯ್ದು, ಮೇಲೆ ಎಣ್ಣೆ ಹಾಕಿ, ಬತ್ತಿ ತೇಲಿಬಿಡುವುದು ಅವಳ ಅಜ್ಜಿಯ ಕಾಲದ ಕ್ರಮ. ಕೆಳಗೆ ನೀರು, ಮೇಲೆ ಎಣ್ಣೆ. ದಿನಾ ಹಚ್ಚುವ ದೀಪವನ್ನು ಅವಳು ಆ ದಿನ ನೋಡಿದಳು. ಎಣ್ಣೆ ಹಗುರ. ಲೀಟರಿಗೆ ಒಂದು ಕಿಲೋ ತೂಗುವುದು ನೀರು!

"ಗಂಗೇ! ನಿಲ್ಲೇ!" ಎಂದು ಬರಿಗಾಲಲ್ಲಿ ಬೀದಿಗೆ ಓಡಿದಳು.

ತಾನು ತಪ್ಪಿದೆ ಎಂದು ಗೊತ್ತಾದ ಮೇಲೆ ಎಷ್ಟು ಜನ ಓದಿದವರು ಬೀದಿಗೆ ಓಡಿದ್ದನ್ನು ನೀವು ಕಂಡಿದ್ದೀರಿ?

ಮರುದಿನ ಬೆಳಿಗ್ಗೆ ಅವಳು ಬಂದರಿಗೆ ಬಂದಳು. ಹಿಂದೆ ಸಾಲಾಗಿ ಅವಳ ಇಡೀ ತರಗತಿ, ಕೊನೆಯಲ್ಲಿ ಗಂಗೆ, ಬೀರ. ರಮಾನಂದ ಹುಬ್ಬೇರಿಸಿದ.

"ಎಂತ ಅಕ್ಕೋರೇ, ಶಾಲೆಗೆ ಹೊತ್ತಾಗಲಿಲ್ಲವಾ?"

"ಆಗಿದೆ. ಅದಕ್ಕೇ ಮಕ್ಕಳನ್ನೂ ಕರ್ಕೊಂಡು ಬಂದೆ. ನಿಮ್ಮ ದೊಡ್ಡ ತಕ್ಕಡಿ ಸ್ವಲ್ಪ ಬೇಕಿತ್ತು."

ಅಷ್ಟು ಜನರ ಎದುರು ಇಲ್ಲವೆನ್ನಲಾರದೆ ಅವನು ತಕ್ಕಡಿ ತರಿಸಿದ. ಮೂಟೆ ತೂಗುವ ತಕ್ಕಡಿಯ ಎರಡು ತಟ್ಟೆಗಳಲ್ಲಿ ಅವಳು ಒಂದೇ ತೂಕದ ಎರಡು ಖಾಲಿ ಚಿಮಣಿಎಣ್ಣೆ ಡಬ್ಬಿ ಇಡಿಸಿದಳು. ಒಂದು ಡಬ್ಬಿಯ ಪಕ್ಕ ಹತ್ತು ಕಿಲೋ ತೂಕದ ಬಟ್ಟು. ಇನ್ನೊಂದು ಡಬ್ಬಿಗೆ ಹಮಾಲ ಮಂಜ ಲೀಟರಿನ ಅಳತೆಯಲ್ಲಿ ನೀರು ಹೊಯ್ದ. ಹತ್ತನೆಯದು ಬಿದ್ದಾಗ ತಟ್ಟೆಗಳು ಸಮ ನಿಂತವು.

"ಸರಿಯಾಗೇ ಇದೆಯಲ್ಲ!" ಎಂದ ರಮಾನಂದ.

"ನೀರಿಗೆ ಸರಿ. ಮಂಜಾ, ಡಬ್ಬಿ ಒರೆಸಿ ಡೀಸೆಲ್ ಹಾಕು."

ಹತ್ತು ಲೀಟರ್ ಬಿದ್ದರೂ ಡೀಸೆಲಿನ ತಟ್ಟೆ ಮೇಲೇ ಇತ್ತು. ಹನ್ನೊಂದು. ಇನ್ನೂ ಮೇಲೆ. ಮಕ್ಕಳು ಗಟ್ಟಿಯಾಗಿ ಎಣಿಸುತ್ತಿದ್ದರು. ಹನ್ನೆರಡನೆಯದು ಬರಿದಾಗುತ್ತ ಬಂದಾಗ ತಟ್ಟೆ ಮೆಲ್ಲಗೆ ಇಳಿದು ಸಮವಾಯಿತು.

ಗೇರುಸೊಪ್ಪೆಗೆ ಹೊರಟಿದ್ದ ಮುದುಕಿ ಲಕ್ಕಿ ಗಂಟಿನ ಹಿಂದಿನಿಂದ ಕೂಗಿದಳು: "ಎಂಜಿನ್ನೇ ಕುಡದದ್ದು ಕಾಣ್ರೋ! ಪಾಪ, ಬೀರನ ಬಾಯಿ ಮೂಸಿ ನೋಡ್ದೋರು ಯಾರು?"

ಬಂದರು ಮತ್ತೆ ನಕ್ಕಿತು. ಸುಮತಿ ನಗಲಿಲ್ಲ. ಮಕ್ಕಳ ಕಡೆ ತಿರುಗಿದಳು.

"ನಾನು ನಿಮಗೆ ಕಲಿಸಿದ್ದು ಅರ್ಧ. ಗಂಗೆಗೆ ಹೇಳಿದ್ದು ಪೂರಾ ತಪ್ಪು. ಗಂಗೇ, ತಪ್ಪಾಯಿತು ನನ್ನದು."

ಗಂಡಸರೇ ತುಂಬಿದ ಬಂದರಿನಲ್ಲಿ, ತನ್ನ ಶಿಷ್ಯೆಯರ ಎದುರು, ಸೊಪ್ಪು ಮಾರುವವಳಿಗೆ ಒಬ್ಬ ಅಕ್ಕೋರು ಹೇಳಿದ ಮಾತು ಅದು. ಅವಳ ಮರ್ಯಾದೆ ಕೂದಲಿನಷ್ಟೂ ಇಳಿಯಲಿಲ್ಲ. ಗಂಗೆ ಸೆರಗಿನಿಂದ ಮುಖ ಒರೆಸಿಕೊಂಡಳು.

ರಮಾನಂದ ಲಾಂಚಿನ ಕಡೆ ಕೈ ತೋರಿಸಿದ. "ಆತು, ಆತು. ಭರತದ ನೀರು ಇಳಿದು ಹೋಗ್ತದೆ. ಬೀರಾ, ಈ ಸಲ ನಿನ್ನ ಮಾಫ್ ಮಾಡಿದ್ದೇನೆ. ಲಾಂಚು ಹತ್ತು."

ಬೀರ ಲಾಂಚಿಗೆ ಹತ್ತುವ ಹಲಗೆಯ ತುದಿಯವರೆಗೆ ಬಂದು ನಿಂತ.

"ಎಂತಕ್ಕೆ ಮಾಫು ಒಡ್ಯಾ?"

"ಅದೆಲ್ಲ ಈಗ ಯಾಕೆ? ಕೆಲಸ ಕೊಟ್ಟೆನಲ್ಲ. ಹನ್ನೆರಡು ಲೀಟರೂ ಕೊಡ್ತೇನೆ. ಹತ್ತು."

"ಕದ್ದವನಿಗೆ ಮಾಫು. ನಾ ಕದ್ದಿಲ್ಲ. ಕಳ್ಳ ಅಂತ ಇಲ್ಲೇ ನಿಂತು ಹೇಳಿದ್ರಿ. ತಪ್ಪಾತು ಅಂತ ಇಲ್ಲೇ ನಿಂತು ಹೇಳಿ. ಅಕ್ಕೋರು ಹೇಳಲಿಲ್ವಾ?"

"ಜನ ಕಾಯ್ತಾ ಇದ್ದಾರೋ! ಹತ್ತು ಅಂದೆ!"

ಲಕ್ಕಿ ತನ್ನ ಗಂಟನ್ನು ಬಂದರಿನ ಕಟ್ಟೆಯ ಮೇಲೆ ಇಳಿಸಿ, ಅದರ ಮೇಲೇ ಕೂತು, ಎಲೆಯಡಿಕೆ ಕವಳದ ಸಂಚಿ ಬಿಚ್ಚಿದಳು. "ನಮಗೇನು ಅವಸರ ಇಲ್ಲ ಒಡ್ಯಾ."

ಬೀರ ಹಲಗೆಯಿಂದ ಕಾಲು ಹಿಂದಕ್ಕೆ ತೆಗೆದ.

"ಹತ್ತೂದಿಲ್ಲ," ಎಂದ.