ಖಂಡಪ್ಪ ಕಟ್ಟಿದ ಮೆಟ್ಟಿಲುಗಳು

"ಎತ್ತರಿಸ್ರಿ, ಇನ್ನಾ ಸ್ವಲ್ಪ ಎತ್ತರಿಸ್ರಿ!"

ಎತ್ತರಿಸಲು ಆಗಲಿಲ್ಲ. ಮೇಲೆ ತಗಡಿನ ಚಪ್ಪರಗಳು, ಕೆಳಗೆ ಎರಡೂ ಕಡೆ ಕಲ್ಲಿನ ಮೆಟ್ಟಿಲುಗಳು. ಖಂಡಪ್ಪನ ಹೆಣವನ್ನು ಕೂರಿಸಿ ಹೆಗಲ ಮೇಲೆ ಹೊತ್ತಿದ್ದ ಬಿದಿರಿನ ವಿಮಾನ ಮೂರನೆಯ ಮನೆಯ ಮುಂದೆ ಸಿಕ್ಕಿಕೊಂಡಿತು. ಹೊತ್ತವರಲ್ಲಿ ಒಬ್ಬನ ಕಾಲು ಮೆಟ್ಟಿಲ ಮೇಲೆ, ಇನ್ನೊಬ್ಬನದು ಗಟಾರಿನಲ್ಲಿ. ವಿಮಾನ ವಾಲಿ, ಸತ್ತವನ ತಲೆ ಭುಜದ ಮೇಲೆ ಬಿತ್ತು. ಹೆಂಗಸರು ಹೋ ಎಂದು ಅತ್ತರು.

ಹಿಂದಕ್ಕೆ ತಂದು ಮನೆ ಮುಂದೆ ಇಳಿಸಿದರು. ಜೇವರ್ಗಿಯ ಈ ಓಣಿಯಲ್ಲಿ ಇತ್ತೀಚೆಗೆ ತೀರಿಕೊಂಡವರೆಲ್ಲ ಕಲಬುರಗಿಯ ದವಾಖಾನೆಯಲ್ಲಿ ತೀರಿ, ಗಾಡಿಯಲ್ಲಿ ನೇರ ಮಣ್ಣಿಗೆ ಹೋಗಿದ್ದರು. ಓಣಿ ಎಷ್ಟು ಸಣ್ಣದಾಗಿದೆ ಎಂದು ಯಾರಿಗೂ ಗೊತ್ತಾಗಿರಲಿಲ್ಲ.

"ಅವ್ವಾ, ಹಿಂದಿನ ಸಂದಿಲಿಂದ ಮಲಗಿಸಿ ಒಯ್ತೀವಿ. ಟ್ರ್ಯಾಕ್ಟರ್ ಬಂದದ," ಎಂದ ಮಗ ಕಲ್ಯಾಣಕುಮಾರ.

"ನಮ್ಮ ಮಂದಿ ಕುಂತು ಹೋಗ್ತಾರಪ್ಪಾ," ಎಂದಳು ಶಿವಕಾಂತಾ. "ನಲವತ್ತು ವರ್ಷ ಈ ಓಣ್ಯಾಗ ಬಾಳ್ವೆ ಮಾಡ್ಯಾನ ನಿಮ್ಮಪ್ಪ. ಕಳ್ಳನಂಗ ಹಿಂದಿನ ಕಡಿಂದ ಹೆಂಗ ಕಳಸ್ಲಿ?"

*

ಖಂಡಪ್ಪ ಗೌಂಡಿ ಕೆಲಸದವನು. ಹಿಂದೆ ಈ ಓಣಿಯಲ್ಲಿ ಜೋಡೆತ್ತಿನ ಬಂಡಿ ಆರಾಮಾಗಿ ಬರುತ್ತಿತ್ತು. ಹತ್ತಿಳಿಯಲು ಬಾಗಿಲಿಗೆ ಎರಡು ಕಲ್ಲು ಒಟ್ಟಿದ್ದರೆ ಸಾಕಾಗಿತ್ತು. ಸಂಜೆ ಚಾಪೆ ಹಾಸಿ ಎಲ್ಲ ಮನೆಯವರೂ ನಡು ಓಣಿಯಲ್ಲೇ ಕೂರುತ್ತಿದ್ದರು.

ಮೊದಲ ಮೆಟ್ಟಿಲನ್ನು ಅವನು ತನ್ನ ಮನೆಗೇ ಕಟ್ಟಿದ. ಶಹಾಬಾದಿ ಕಲ್ಲು, ಒಳ್ಳೆ ನುಣುಪು. ನೋಡಿದ ಎದುರು ಮನೆಯ ಕರೀಮಸಾಬ ಸುಮ್ಮನಿರುತ್ತಾನೆಯೇ?

"ನನಗೂ ಕಟ್ಟು ಖಂಡಪ್ಪಾ. ಒಂದು ಗೇಣು ಮುಂದ ತಗೋ."

ಆಮೇಲೆ ಎಲ್ಲರೂ ಒಂದೊಂದು ಗೇಣು ಮುಂದೆ ಬಂದರು. ಖಂಡಪ್ಪ ಬೇಡ ಎನ್ನಲಿಲ್ಲ. ಬೇಡ ಎನ್ನುವ ಗೌಂಡಿಯನ್ನು ಯಾರು ಕೆಲಸಕ್ಕೆ ಕರೆಯುತ್ತಾರೆ? ಚಾಪೆ ಹಾಸಲು ಜಾಗ ಉಳಿಯಲಿಲ್ಲ. ಬೈಕು ನಿಲ್ಲಿಸುವ ವಿಷಯಕ್ಕೆ ಅವನಿಗೂ ಕರೀಮಸಾಬನಿಗೂ ಮಾತಿಗೆ ಮಾತು ಬೆಳೆದು, ಮೂರು ವರ್ಷದಿಂದ ಎರಡು ಮನೆಯವರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಹಾಸಿಗೆ ಹಿಡಿದ ಮೇಲೆ ಒಮ್ಮೆ ಹೆಂಡತಿಗೆ ಹೇಳಿದ್ದ: "ಓಣಿ ಸಣ್ಣದಾಗಿದ್ದು ನನ್ನ ಕೈಲಿಂದನೇ ನೋಡು. ಒಬ್ಬರಿಗಾದ್ರೂ ಬ್ಯಾಡ ಅನಬೇಕಿತ್ತು."

*

ಶಿವಕಾಂತಾ ಎದ್ದು ಒಳಗೆ ಹೋಗಿ ಗಂಡನ ಸುತ್ತಿಗೆ ತಂದು ಮಗನ ಕೈಗಿಟ್ಟಳು.

"ಮೊದಲ ನಮ್ದು ಒಡಿ."

"ಅಪ್ಪ ಕಟ್ಟಿದ್ದವ್ವಾ ಅದು!"

"ಅದಕ್ಕೇ ಅಪ್ಪಗ ದಾರಿ ಇಲ್ಲ ಈಗ."

ಐದು ಏಟಿಗೂ ಕಲ್ಲು ಅಲುಗಲಿಲ್ಲ. "ಎಷ್ಟು ಗಟ್ಟಿ ಕಟ್ಯಾನೋ ಪುಣ್ಯಾತ್ಮ," ಎಂದರು ಯಾರೋ. ಇಬ್ಬರು ನಕ್ಕು, ನಾಚಿ ತಲೆ ತಗ್ಗಿಸಿದರು.

ಎದುರಿಗೆ ನಿಂತು ನೋಡುತ್ತಿದ್ದ ಕರೀಮಸಾಬ ಒಳಗೆ ಹೋದ. ಬಾಗಿಲು ಹಾಕಿಕೊಳ್ಳುತ್ತಾನೆ ಎಂದುಕೊಂಡರು. ಅವನು ಕಬ್ಬಿಣದ ಹಾರೆ ಹಿಡಿದು ಬಂದ.

"ವೈನಿ, ಒಂದು ಗೇಣು ಮುಂದ ತಗೋ ಅಂತ ಮೊದಲ ಅಂದಾಂವ ನಾನೇ," ಎಂದ. ಹಾರೆಯನ್ನು ತನ್ನ ಮೆಟ್ಟಿಲಿಗೇ ಹಾಕಿದ.

ಮತ್ತೆ ಯಾರಿಗೂ ಹೇಳಬೇಕಾಗಲಿಲ್ಲ. ತಗಡು ಬಿಚ್ಚಿದರು, ಕಲ್ಲು ಕಿತ್ತರು, ಹೊತ್ತು ಓಣಿಯ ತುದಿಗೆ ಒಟ್ಟಿದರು. ಮೂಲೆ ಮನೆಯ ದೌಲತರಾಯನೊಬ್ಬ ಹೆಂಡತಿಯ ಕೈಲಿ ಬೈಸಿಕೊಂಡ ಮೇಲೆ ಹೊರಗೆ ಬಂದ. ಎರಡು ತಾಸು ಹಿಡಿಯಿತು. ಅಷ್ಟು ಹೊತ್ತೂ ಖಂಡಪ್ಪ ಹಾರ ಹಾಕಿಕೊಂಡು ಕೂತೇ ಇದ್ದ.

ಆಮೇಲೆ ವಿಮಾನ ನಡು ಓಣಿಯಲ್ಲಿ ನೆಟ್ಟಗೆ ಹೋಯಿತು. ಯಾವ ಕಡೆಗೂ ವಾಲಲಿಲ್ಲ. ಅಲ್ಲಿಯವರೆಗೆ ತಡೆದುಕೊಂಡಿದ್ದ ಶಿವಕಾಂತಾ ಆಗ ಬಾಯಿಬಿಟ್ಟು ಅತ್ತಳು.

ಮಣ್ಣು ಕೊಟ್ಟು ಬರುವಷ್ಟರಲ್ಲಿ ಸಂಜೆಯಾಗಿತ್ತು. ಮೆಟ್ಟಿಲಿಲ್ಲದ ಬಾಗಿಲುಗಳು ಸೊಂಟದೆತ್ತರಕ್ಕೆ ನಿಂತಿದ್ದವು. ತನ್ನ ಮನೆಯ ಮುಂದೆ ಶಿವಕಾಂತಾ ದಿಕ್ಕು ತೋಚದೆ ನಿಂತಳು. ಮನೆ ಗುಡಿಸಿ ತೊಳೆಯಲು ಆಗಲೇ ಹತ್ತಿ ಹೋಗಿದ್ದ ಕರೀಮಸಾಬನ ಹೆಂಡತಿ ಖುರ್ಷಿದಬೇಗಂ ಒಳಗಿನಿಂದ ಬಗ್ಗಿದಳು.

"ಕೈ ಕೊಡ್ರಿ ಅಕ್ಕಾ."

ಅವಳ ಕೈ ಹಿಡಿದು ಹತ್ತಿದ ಶಿವಕಾಂತಾ ಹೊಸ್ತಿಲಲ್ಲಿ ನಿಂತು ತಿರುಗಿ ನೋಡಿದಳು. ಓಣಿಯುದ್ದಕ್ಕೂ ಬಾಗಿಲು ಬಾಗಿಲಲ್ಲಿ ಒಬ್ಬರು ಮೇಲಿನಿಂದ ಕೈ ಚಾಚಿದ್ದರು, ಒಬ್ಬರು ಕೆಳಗೆ ನಿಂತು ಹಿಡಿದಿದ್ದರು.