ಬಾಗಿಲಿಗೆ ಮೆತ್ತಿದ ನೋಟಿಸು

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅನ್ನುತ್ತಾರೆ. ಯಾಕೆ ಸೋತೆ ಅನ್ನುವುದಾದರೂ ಸೋತವನಿಗೆ ತಿಳಿಯಲಿ ಎಂಬುದು ಲಾರೆನ್ಸನ ಹಟ. ಮೂವತ್ತು ವರ್ಷ ಕೋರ್ಟಿನಲ್ಲಿ ನಕಲು ಗುಮಾಸ್ತನಾಗಿ ದುಡಿದು ನಿವೃತ್ತನಾದವನು, ವಕೀಲರ ಸಂಘದ ಗಾಜಿನ ಬೀರುವಿನಲ್ಲಿ ಇಂಗ್ಲಿಷಿನಲ್ಲಿ ಮಲಗಿದ್ದ ಹೈಕೋರ್ಟಿನ ತೀರ್ಪುಗಳನ್ನು ಓದಿ, ನಾಲ್ಕೇ ಸಾಲಿನ ಕನ್ನಡಕ್ಕಿಳಿಸಿ, ಪ್ರತಿ ಸೋಮವಾರ ಕೋರ್ಟಿನ ಗೇಟಿನೆದುರು ಒಂದು ಹಲಗೆಗೆ ಅಂಟಿಸುತ್ತಿದ್ದ. ಪುಕ್ಕಟೆ ಕಾನೂನು ಹಂಚಿ ತಮ್ಮ ಅನ್ನಕ್ಕೆ ಕಲ್ಲು ಹಾಕುತ್ತಾನೆಂದು ಕೆಲವು ವಕೀಲರು ಹೊಟ್ಟೆ ಉರಿದುಕೊಂಡರು. ಉರಿದುಕೊಳ್ಳಲಿ, ಯಾರಿಗೇನು!

ಸಂಘದಲ್ಲೊಂದು ಪದ್ಧತಿಯಿತ್ತು. ಹಳೆಯ ತೀರ್ಪನ್ನು ಹೆಚ್ಚು ಜಡ್ಜುಗಳ ದೊಡ್ಡ ಪೀಠ ತಳ್ಳಿಹಾಕಿದರೆ, ಪುಸ್ತಕದಲ್ಲಿ ಅದರ ಪಕ್ಕಕ್ಕೆ ಕೆಂಪು ಶಾಯಿಯಲ್ಲಿ 'ಈಗ ನಡೆಯದು' ಎಂದು ಬರೆಯುತ್ತಿದ್ದರು. ಲಾರೆನ್ಸನೂ ಹಲಗೆಯ ಕಾಗದದ ಮೇಲೆ ಹಾಗೇ ಬರೆಯುತ್ತಿದ್ದ.

೧೯೫೮ರ ಜುಲೈನಲ್ಲಿ ಅವನ ಹೆಂಡತಿ ಪೌಲಿನ್ ಸತ್ತಳು. ಮಣ್ಣು ಮಾಡಿ ಬಂದವನಿಗೆ ಅಳು ಬರಲಿಲ್ಲ. ಮೂರು ವಾರ ಜಗಲಿಯ ಮೇಲೆ ಸುಮ್ಮನೆ ಕೂತ. ಯಾರಾದರೂ ತಟ್ಟೆ ತಂದಿಟ್ಟರೆ ತಿಂದ, ಇಲ್ಲದಿದ್ದರೆ ಇಲ್ಲ. ಇಗರ್ಜಿಯವರನ್ನು ಬಿಟ್ಟರೆ ಕೋರ್ಟಿನ ಕಡೆ ಯಾರಿಗೂ ಸುದ್ದಿ ಹೇಳಲಿಲ್ಲ.

ನಾಲ್ಕನೆಯ ಸೋಮವಾರ ಹೋದಾಗ ಹಲಗೆಯ ಬಳಿ ಮಹದೇವಮ್ಮ ಕಾಯುತ್ತಿದ್ದಳು. ಲಕ್ಷ್ಮೀಪುರಂ ಗಲ್ಲಿಯಲ್ಲಿ ಇಡ್ಲಿ ಮಾಡಿ ಮಾರುವ ಹೆಂಗಸು.

"ಮನೆ ಬುಡ್ಸೋ ನೋಟೀಸ್ನ ಬಾಗ್ಲಿಗೆ ಮೆತ್ಬುಟ್ಟು ವೋಗಿದ್ರು ಸಾಮಿ. ಕೈಗೆ ಕೊಡ್ದೆ ಮೆತ್ತುದ್ರೆ ಲೆಕ್ಕಕ್ಕಿಲ್ಲ ಅಂತ ನಿಮ್ ಅಲ್ಗೇಲೈತಲ್ಲ, ಓದೋರ್ ಕೈಲಿ ಓದಿಸ್ದೆ. ಅದ್ಕೇ ಕೋರ್ಟ್ಗೆ ವೋಗ್ನಿಲ್ಲ. ಈಗ ನಾನ್ ಬರ್ನಿಲ್ಲ ಅಂತ ಮನೆ ಯಜಮಾನ್ರ್ ಕಡೀಕೇ ತೀರ್ಪಾಗೋಗದೆ."

ಆ ಹಳೆಯ ತೀರ್ಪು ಅವನು ಜಗಲಿಯಲ್ಲಿ ಕೂತ ಮೊದಲ ವಾರದಲ್ಲೇ ಬಿದ್ದುಹೋಗಿತ್ತು. ಪುಸ್ತಕಕ್ಕೆ ಕೆಂಪು ಶಾಯಿ ಬಿದ್ದಿತ್ತು, ಹಲಗೆಗೆ ಬಿದ್ದಿರಲಿಲ್ಲ. ತನ್ನಿಂದ ಒಬ್ಬಳ ಮನೆ ಹೋಯಿತೆಂದು ಎದೆ ಧಸಕ್ಕೆನ್ನಬೇಕಿತ್ತು. ಏನೂ ಅನ್ನಿಸಲಿಲ್ಲ. ಆದರೂ ಅವಳನ್ನು ವಕೀಲ ಸದಾಶಿವಯ್ಯನವರ ಬಳಿಗೆ ಕರೆದುಕೊಂಡು ಹೋದ.

ಸದಾಶಿವಯ್ಯ ಎಲ್ಲ ಕೇಳಿ ನಿಟ್ಟುಸಿರಿಟ್ಟರು. "ತಪ್ಪು ನಂದೇ ಅಂತ ನೀವು ಪ್ರಮಾಣ ಮಾಡಿ ಬರೆದುಕೊಟ್ರೆ ಕೇಸು ಮತ್ತೆ ತೆಗೆಸಬಹುದು. ಆದ್ರೆ ಸಂಘದೋರು ಇದನ್ನೇ ಕಾಯ್ತಿದಾರೆ ಕಣ್ರೀ. ನಾಳೆಯಿಂದ ಬೀರು ಮುಟ್ಟಕ್ಕೂ ಬಿಡಲ್ಲ. ನಿಮ್ಮ ಹಲಗೆ ಅಲ್ಲಿಗೆ ಮುಗೀತು."

"ಬರ್ಕೊಳ್ಳಿ," ಅಂದ ಲಾರೆನ್ಸ್.

"ಹಲಗೇಲಿ ಯಾಕೆ ತಿದ್ದಲಿಲ್ಲ?"

"ಮರೆತೆ."

"ಮರೆತೆ ಅಂದ್ರೆ ಜಡ್ಜು ನಂಬ್ತಾರೇನ್ರೀ? ಸರಿಯಾದ ಕಾರಣ ಹೇಳಿ. ಇಲ್ಲಾಂದ್ರೆ ಈಯಮ್ಮನ ಅರ್ಜಿ ಬಿದ್ದೋಗುತ್ತೆ."

ಲಾರೆನ್ಸ್ ಮಹದೇವಮ್ಮನ ಮುಖ ನೋಡಿದ.

"ಮನೇಲಿ... ನನ್ನ ಹೆಂಡತಿ ತೀರ್ಕೊಂಡ್ಳು."

ಸದಾಶಿವಯ್ಯನವರ ಪೆನ್ನು ನಿಂತಿತು. ಮೆತ್ತಗೆ, "ತಾರೀಖು ಬೇಕಾಗುತ್ತೆ," ಅಂದರು.

ಮೂವತ್ತು ವರ್ಷ ಒಂದು ತೀರ್ಪಿನ ತಾರೀಖನ್ನೂ ತಪ್ಪು ಬರೆಯದವನ ಬಾಯಿಗೆ ಆ ತಾರೀಖು ಬರಲೊಲ್ಲದು.

"ಜುಲೈ ಏಳು," ಅಂದ ಕೊನೆಗೆ. "ಸೋಮವಾರ. ಹಲಗೆಗೆ ಹೋಗಿ ಬನ್ನಿ, ನಂಗೇನಾಗಲ್ಲ ಅಂದಿದ್ಳು. ವಾಪಸ್ ಬರೋ ಹೊತ್ಗೆ ಇರ್ಲಿಲ್ಲ."

ಅಂದವನೇ ಅತ್ತುಬಿಟ್ಟ. ಮಹದೇವಮ್ಮ ಬಂದು ಪಕ್ಕದಲ್ಲಿ ಕೂತಳು. ಸಹಿ ಹಾಕುವ ಹೊತ್ತಿಗೆ ಮಧ್ಯಾಹ್ನವಾಯಿತು.