ಅಧ್ಯಕ್ಷೆಯ ಸೈಕಲ್ಲೂ ಹಕ್ಕಿಯ ಮೊಟ್ಟೆಯೂ

ಪುರಸಭೆಯ ಅಧ್ಯಕ್ಷೆಗೆ ಸೈಕಲ್ ಹೊಡೆಯಲು ಬರುವುದಿಲ್ಲ ಎಂಬ ಸಂಗತಿ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ಪ್ರಸಂಗವೇ ಬಂದಿರಲಿಲ್ಲ. ಐವತ್ತು ದಾಟಿದ ಹೆಂಗಸು, ಪರದೆ ಬಟ್ಟೆಯ ಅಂಗಡಿ ನಡೆಸಿ ಹೆಸರು ಮಾಡಿದವರು. ಗಂಡನದು ಡ್ರೈವಿಂಗ್ ಶಾಲೆ. ಮನೆ ಮುಂದೆ ಯಾವಾಗಲೂ ಒಂದೋ ಎರಡೋ ಕಾರು ನಿಂತಿರುತ್ತಿದ್ದವು. ಇಂಥವರನ್ನು ಹಿಡಿದು ನಿಮಗೆ ಸೈಕಲ್ ಬರುತ್ತದೆಯೇ ಎಂದು ಯಾರು ಕೇಳಿಯಾರು?

ಆದರೆ ಚುನಾವಣೆಯಲ್ಲಿ ಅವರು ಗೆದ್ದದ್ದು ಸೈಕಲ್ಲಿನ ಹೆಸರಿನಲ್ಲೇ. ಊರಿನ ಅಂಚಿನಲ್ಲಿ, ಹೊಸ ಬಡಾವಣೆಗಳು ಮುಗಿಯುವ ಕಡೆ, ಒಂದು ದೊಡ್ಡ ಕೆರೆಯಿತ್ತು. ಕೆರೆಯ ಸುತ್ತ ಜೊಂಡು ಬೆಳೆದ ಜೌಗು ನೆಲ. ಅಷ್ಟೂ ಹಕ್ಕಿಗಳಿಗೆಂದು ಕಾಯ್ದಿರಿಸಿದ ಸಂರಕ್ಷಿತ ಪ್ರದೇಶ. ಅದರ ಅಂಚಿನಗುಂಟ ಒಂದೇ ಒಂದು ಮೋಟಾರೂ ಬಾರದಂಥ ಸೈಕಲ್ ದಾರಿ ಮಾಡಿಸುತ್ತೇನೆ ಎಂದು ಅವರು ಮಾತು ಕೊಟ್ಟಿದ್ದರು. ಕೊಟ್ಟ ಮಾತನ್ನು ಉಳಿಸಿಕೊಂಡೂಬಿಟ್ಟರು. ಜಲ್ಲಿ ಹಾಸಿದ ದಾರಿ ಸಿದ್ಧವಾಯಿತು, ಎರಡೂ ತುದಿಗೆ ಕಂಬ ನೆಟ್ಟಾಯಿತು, ಉದ್ಘಾಟನೆಯ ದಿನವೂ ಗೊತ್ತಾಯಿತು.

ಅಚ್ಚಾಗಿ ಬಂದ ಆಹ್ವಾನ ಪತ್ರಿಕೆಯನ್ನು ಪುರಸಭೆಯ ಕಾರ್ಯದರ್ಶಿ ಹೆಮ್ಮೆಯಿಂದ ಮೇಜಿನ ಮೇಲಿಟ್ಟ. ಅದರಲ್ಲಿ ದಪ್ಪಕ್ಷರದಲ್ಲಿ ಹೀಗಿತ್ತು: ‘ಮಾನ್ಯ ಅಧ್ಯಕ್ಷರು ಸ್ವತಃ ಸೈಕಲ್ ತುಳಿದು ದಾರಿಯನ್ನು ಲೋಕಾರ್ಪಣೆ ಮಾಡಲಿದ್ದಾರೆ.’

“ಹೇಗಿದೆ ಮೇಡಂ? ನಾನೇ ಬರೆದದ್ದು.”

“ಚೆನ್ನಾಗಿದೆ,” ಎಂದರು ಅಧ್ಯಕ್ಷೆ. ದಪ್ಪಕ್ಷರದ ಸಾಲನ್ನು ಇನ್ನೊಮ್ಮೆ ಓದಿಕೊಂಡರು.

ಅಂದು ಸಂಜೆಯೇ ಗಂಡನ ಹತ್ತಿರ ವಿಷಯ ಹೇಳಿದರು. ಗಂಡ ನಗಲಿಲ್ಲ, ಅದೊಂದು ದೊಡ್ಡತನ. “ಇಷ್ಟೇ ತಾನೆ? ಊರಿಗೆಲ್ಲಾ ಕಲಿಸೋನು ನಾನು, ನಿಂಗೆ ಕಲಿಸಕ್ಕಾಗಲ್ವಾ?” ಎಂದು ಒಂದು ಸೈಕಲ್ ತರಿಸಿದ. ಡ್ರೈವಿಂಗ್ ಶಾಲೆಯ ಅಂಗಳದಲ್ಲಿ, ಕಾರು ತಿರುಗಿಸುವುದನ್ನು ಕಲಿಸಲು ನಿಲ್ಲಿಸಿದ ಪ್ಲಾಸ್ಟಿಕ್ ಕೋನುಗಳ ನಡುವೆ ಪಾಠ ಶುರುವಾಯಿತು. ಕಂಡವರ ಮಕ್ಕಳು ಕಾರನ್ನು ಗೋಡೆಗೆ ಗುದ್ದಿಸಿದರೂ ‘ಪರವಾಗಿಲ್ಲಪ್ಪ’ ಎನ್ನುತ್ತಿದ್ದ ಮನುಷ್ಯ, ಹೆಂಡತಿ ಪೆಡಲಿನ ಮೇಲೆ ಕಾಲಿಟ್ಟ ಕೂಡಲೇ ಬೇರೆಯೇ ಆಗಿಬಿಟ್ಟ.

“ಮೊದಲು ಕನ್ನಡಿ ನೋಡು!”

“ಕನ್ನಡಿ ಎಲ್ಲಿದೆ ರೀ ಇದ್ರಲ್ಲಿ?”

“ಇಲ್ಲದಿದ್ರೂ ನೋಡೋ ಅಭ್ಯಾಸ ಇರ್ಬೇಕು! ಕೈ ತೋರ್ಸು! ಎಡಕ್ಕೆ ತಿರುಗ್ತಿದೀಯ, ಕೈ ತೋರ್ಸು!”

ಕೈ ತೋರಿಸಲು ಹೋದ ಅಧ್ಯಕ್ಷೆ ಕೋನುಗಳ ಮೇಲೆಯೇ ಬಿದ್ದರು. ಮೊಣಕಾಲು ತರಚಿತು. “ನಿಮ್ಮ ಸಹವಾಸ ಸಾಕು,” ಎಂದು ಸೈಕಲ್ಲನ್ನು ಅಲ್ಲೇ ಬಿಟ್ಟು ಒಳಗೆ ಹೋದರು. ಆ ರಾತ್ರಿ ಇಬ್ಬರೂ ಮುಖ ಊದಿಸಿಕೊಂಡೇ ಉಂಡರು.

ಇದನ್ನೆಲ್ಲಾ ಕಿಟಕಿಯಿಂದ ನೋಡಿದ್ದವರು ಅತ್ತೆ. ಗಂಡನ ತಾಯಿ, ಎಪ್ಪತ್ತರ ಮೇಲಿನ ವಯಸ್ಸು. ಒಂದು ಕಾಲಕ್ಕೆ ಮನೆಮನೆಗೆ ಹೋಗಿ ಹೆರಿಗೆ ಮಾಡಿಸುತ್ತಿದ್ದ ದಾದಿ. ಅತ್ತೆಸೊಸೆಯರ ನಡುವೆ ಜಗಳವೇನೂ ಇರಲಿಲ್ಲ, ಮಾತೂ ಅಷ್ಟಾಗಿ ಇರಲಿಲ್ಲ. ಸೊಸೆಯ ಅಡುಗೆಗೆ ಅತ್ತೆ ಉಪ್ಪು ಬೆರೆಸಿಕೊಳ್ಳುತ್ತಿದ್ದರು. ಅದನ್ನು ಸೊಸೆ ನೋಡಿಯೂ ನೋಡದ ಹಾಗೆ ಇರುತ್ತಿದ್ದರು. ಸಂಸಾರ ಹಾಗೇ ಸಾಗಿತ್ತು.

ಮರುದಿನ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಅತ್ತೆ ಮಡಚುವ ಕುರ್ಚಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಸೊಸೆಯ ಕೋಣೆಯ ಬಾಗಿಲು ತಟ್ಟಿದರು.

“ಏಳು. ನಿನ್ನ ದಾರಿಗೇ ಹೋಗೋಣ. ಅಲ್ಲಿ ಯಾರೂ ಇರಲ್ಲ.”

“ನಿಮಗೆ ಸೈಕಲ್ ಬರತ್ತಾ ಅತ್ತೆ?”

“ಈ ಊರಲ್ಲಿ ಅರ್ಧ ಜನ ಹುಟ್ಟಿದ್ದು ನಾನು ಸೈಕಲ್ಲಲ್ಲಿ ಹೊತ್ತಿಗೆ ಸರಿಯಾಗಿ ಹೋಗಿದ್ದಕ್ಕೆ. ನಿನ್ನ ಗಂಡನ್ನ ಸೈಕಲ್ಲಿನ ಮುಂದಿನ ಬಾರ್ ಮೇಲೆ ಕೂರಿಸ್ಕೊಂಡೇ ಬೆಳೆಸಿದ್ದು. ಆಗಲೂ ಹೀಗೇ ಅರಚ್ತಾ ಇದ್ದ.”

ಇನ್ನೂ ತೆರೆಯದ ದಾರಿಯಲ್ಲಿ ಅತ್ತೆ ಕುರ್ಚಿ ಬಿಡಿಸಿ ಕೂತರು. ಸೊಸೆ ಸೈಕಲ್ ಏರಿದರು. ಪಾಠ ಬಹಳ ಚಿಕ್ಕದಾಗಿತ್ತು.

“ದೂರ ನೋಡು. ಚಕ್ರ ನೋಡ್ಬೇಡ.”

“ಬೀಳ್ತೀನಿ ಅತ್ತೆ!”

“ಬೀಳು. ನೆಲ ಎಲ್ಲಿಗೂ ಹೋಗಲ್ಲ.”

ಬಿದ್ದರು. ಎದ್ದರು. ಒಂದೆರಡು ಬೆಳಗು ಕಳೆಯುವ ಹೊತ್ತಿಗೆ ನೇರ ದಾರಿಯಲ್ಲಿ ಅಷ್ಟು ದೂರ ಹೋಗಲು ಬಂತು. ನಿಲ್ಲಿಸಲು ಮಾತ್ರ ಬರಲಿಲ್ಲ. ಹಾಗೆ ಹೋಗುತ್ತಿದ್ದಾಗಲೇ ಒಂದು ದಿನ ಜೊಂಡಿನ ಪಕ್ಕದಿಂದ ನೀಳ ಕಾಲಿನ ಹಕ್ಕಿಯೊಂದು ಕಿರುಚುತ್ತಾ ಎದುರಿಗೇ ನುಗ್ಗಿತು. ಟಿಟ್ಟಿಭ. ಅಧ್ಯಕ್ಷೆ ಬೆದರಿ ಪಕ್ಕಕ್ಕೆ ಉರುಳಿದರು. ಕಣ್ಣು ಬಿಟ್ಟರೆ ಮೂಗಿನ ಮುಂದೆ, ಜಲ್ಲಿಯ ನಡುವೆ, ಜಲ್ಲಿಯದೇ ಬಣ್ಣದ ನಾಲ್ಕು ಮೊಟ್ಟೆ. ಪುರಸಭೆ ಹಾಸಿದ ಜಲ್ಲಿ ಹಕ್ಕಿಗೆ ಅಷ್ಟು ಹಿಡಿಸಿತ್ತು.

ಕುರ್ಚಿ ಬಿಟ್ಟು ಅತ್ತೆಯೂ ಬಂದರು. ಹಕ್ಕಿಯ ಜೋಡಿ ತಲೆಯ ಮೇಲೆ ಸುತ್ತುತ್ತಾ ಕಿರುಚುತ್ತಲೇ ಇತ್ತು. “ಹೆರಿಗೆ ಕೋಣೆ ಹೊರಗೆ ಗಂಡಸರೂ ಹೀಗೇ ಕೂಗಾಡ್ತಿದ್ರು,” ಎಂದರು ಅತ್ತೆ.

ಅಧ್ಯಕ್ಷೆ ನೆಲದ ಮೇಲೆ ಕೂತೇ ಯೋಚಿಸಿದರು. ಅವರ ಎದೆಯಲ್ಲಿ ಇದ್ದಕ್ಕಿದ್ದಂತೆ ಪ್ರಕೃತಿಪ್ರೇಮ ಉಕ್ಕಿ ಬಂತು. “ಅತ್ತೆ, ಮೊಟ್ಟೆ ಇರೋ ಕಡೆ ಉದ್ಘಾಟನೆ ಮಾಡಕ್ಕಾಗಲ್ಲ ಅಲ್ವಾ? ಮುಂದಕ್ಕೆ ಹಾಕ್ಲೇಬೇಕು.”

ಅತ್ತೆ ಅವರನ್ನೇ ದಿಟ್ಟಿಸಿ ನೋಡಿದರು. “ಕನಿಕರ ಹಕ್ಕಿ ಮೇಲೋ, ನಿನ್ನ ಮೊಣಕಾಲಿನ ಮೇಲೋ?”

“ಎರಡರ ಮೇಲೂ.”

ಸಂರಕ್ಷಿತ ಪ್ರದೇಶಕ್ಕೊಬ್ಬಳು ಅಧಿಕಾರಿಯಿದ್ದಳು. ಹೊಸದಾಗಿ ಬಂದ ಹುಡುಗಿ. ನಿಯಮದ ಪುಸ್ತಕದ ಮೇಲೆ ಹಕ್ಕಿಗಳ ಮೇಲಿದ್ದಷ್ಟೇ ಪ್ರೀತಿ. ಸುದ್ದಿ ಕೇಳಿದ್ದೇ ತಡ, ಫಲಕ ಹೊತ್ತು ಬಂದಳು. ‘ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ’ ಎಂಬುದರ ಕೆಳಗೆ ‘ಸೈಕಲ್ಲುಗಳಿಗೆ ಪ್ರವೇಶವಿಲ್ಲ’ ಬಂತು. ಅದರ ಕೆಳಗೆ ‘ನಡೆದು ಹೋಗುವವರಿಗೆ ಪ್ರವೇಶವಿಲ್ಲ’ ಬಂತು. ಕೊನೆಗೆ ಬೇಲಿಯೇ ಬಂತು.

“ಈಗ ನೋಡಿ ಮೇಡಂ, ನಿಜವಾಗ್ಲೂ ವಾಹನರಹಿತ ದಾರಿ ಆಯ್ತು,” ಎಂದಳು ಸಂತೋಷದಿಂದ. “ನನಗೆ ಗೊತ್ತಿರೋ ಹಾಗೆ ಇಷ್ಟು ರಹಿತವಾದ ದಾರಿ ಇನ್ನೆಲ್ಲೂ ಇಲ್ಲ.”

ಪತ್ರಿಕೆಗಳು ‘ಹಕ್ಕಿಗಾಗಿ ಉದ್ಘಾಟನೆಯನ್ನೇ ತೊರೆದ ಅಧ್ಯಕ್ಷೆ’ ಎಂದು ಬರೆದವು. ಅಧ್ಯಕ್ಷೆಗೆ ಹೂಗುಚ್ಛಗಳು ಬಂದವು. ಅವರು ನಾಚಿಕೊಂಡದ್ದನ್ನು ಜನ ವಿನಯ ಎಂದುಕೊಂಡರು.

ತೊಂದರೆ ಶುರುವಾದದ್ದು ಆಮೇಲೆ. ಪತ್ರಿಕೆ ಓದಿದ ಊರಿನವರಿಗೆಲ್ಲಾ ಹಕ್ಕಿ ನೋಡುವ ಆಸೆ ಹುಟ್ಟಿತು. ದಾರಿ ವಾಹನರಹಿತವಾದ್ದರಿಂದ ಅಲ್ಲಿಯತನಕ ಕಾರಿನಲ್ಲಿ ಬಂದರು. ಮಕ್ಕಳನ್ನು ತಂದರು, ದುರ್ಬೀನು ತಂದರು, ರಸ್ತೆಯ ಎರಡೂ ಬದಿಗೆ ಗಾಡಿ ನಿಲ್ಲಿಸಿ ಬೇಲಿಗೆ ಮೂಗು ತಾಗಿಸಿ ನಿಂತರು. ರಜಾ ದಿನಗಳಲ್ಲಿ ಕೆರೆಯ ಮುಂದಿನ ಕೂಡುರಸ್ತೆ ಕಟ್ಟಿಕೊಂಡು ನಿಲ್ಲತೊಡಗಿತು. ಹಾರ್ನುಗಳ ಗದ್ದಲಕ್ಕೆ ಕೊಕ್ಕರೆಗಳು ಕೆರೆಯ ಆಚೆ ದಡಕ್ಕೆ ಹೋಗಿ ಕೂತವು.

ಆಗ ಎದ್ದು ನಿಂತವರು ಉಪಾಧ್ಯಕ್ಷರು. ಊರಿನ ಅತಿ ದೊಡ್ಡ ಟೈರ್ ಅಂಗಡಿ ಅವರದು. ಜೌಗಿನ ಒಂದು ಮೂಲೆಯನ್ನು ಮಣ್ಣು ತುಂಬಿಸಿ ಗಟ್ಟಿ ಮಾಡಿ, ಕಾರು ನಿಲ್ಲಿಸುವ ಜಾಗ ಮಾಡಬೇಕೆಂಬುದು ಅವರ ಪ್ರಸ್ತಾಪ.

“ಹಕ್ಕಿಗೆ ವಾಹನಗಳಿಂದ ತೊಂದರೆ ಆಗಬಾರದು ಅಂದ್ರೆ, ವಾಹನಗಳಿಗೂ ಒಂದು ಗೂಡು ಬೇಕಲ್ಲವೇ?” ಎಂದು ಅವರು ಕೇಳಿದಾಗ ಸದಸ್ಯರಲ್ಲಿ ಬಹಳ ಮಂದಿ ತಲೆದೂಗಿದರು. ಆ ಕಾರು ನಿಲ್ದಾಣಕ್ಕೆ ಟಿಟ್ಟಿಭದ ಹೆಸರನ್ನೇ ಇಡಲೂ ಅವರು ದೊಡ್ಡ ಮನಸ್ಸು ಮಾಡಿದರು. ಮುಂದಿನ ಸಭೆಯಲ್ಲಿ ಮತಕ್ಕೆ ಹಾಕುವುದೆಂದಾಯಿತು. ಅಧ್ಯಕ್ಷೆ ಎಣಿಸಿ ನೋಡಿದರು. ಗೆಲ್ಲುವ ದಾರಿ ಕಾಣಲಿಲ್ಲ. ತಪ್ಪಿಸಿಕೊಳ್ಳಲು ಹಕ್ಕಿಯ ಹೆಸರು ಹೇಳಿದ್ದು ತಾವೇ. ಈಗ ಅದರ ನೆಲಕ್ಕೇ ಸಂಚಕಾರ ಬಂದಿತ್ತು.

ಇಷ್ಟರ ನಡುವೆಯೂ ಅತ್ತೆ ಪಾಠ ನಿಲ್ಲಿಸಲಿಲ್ಲ. ಉದ್ಘಾಟನೆಯೇ ಇಲ್ಲದ ಮೇಲೆ ಯಾಕೆ ಎಂದರೆ, “ಅರ್ಧಕ್ಕೆ ಬಿಟ್ಟ ಹೆರಿಗೆ ನಾನು ಕಂಡಿಲ್ಲ,” ಎಂದರು. ಡ್ರೈವಿಂಗ್ ಶಾಲೆಯ ಅಂಗಳದಲ್ಲೇ ಕುರ್ಚಿ ಹಾಕಿದರು. ಮಗ ಹತ್ತಿರ ಬಂದರೆ ಕೈಯೆತ್ತಿ ದೂರ ನಿಲ್ಲಿಸುತ್ತಿದ್ದರು. ಒಂದು ಬೆಳಗ್ಗೆ ಅಧ್ಯಕ್ಷೆ ಕೋನುಗಳ ಸಾಲನ್ನು ಸುತ್ತಿ, ಗೇಟಿನ ಹತ್ತಿರ ತಿರುಗಿ, ಅತ್ತೆಯ ಮುಂದೆ ಬಂದು, ಬ್ರೇಕು ಹಿಡಿದು, ಕಾಲೂರಿ ನಿಂತರು. ಉಸಿರು ಮೇಲೆ ಬಂದಿತ್ತು. ಯಾಕೋ ಕಣ್ಣು ತುಂಬಿತು. ಅತ್ತೆ ಕುರ್ಚಿಯಿಂದ ಎದ್ದರು. ಸೊಸೆಯ ಹಣೆಯ ಮೇಲಿನ ಬೆವರನ್ನು ತಮ್ಮ ಕರವಸ್ತ್ರದಿಂದ ಒರೆಸಿದರು. ಇಷ್ಟು ವರ್ಷದಲ್ಲಿ ಅವರು ಸೊಸೆಯ ಮುಖ ಮುಟ್ಟಿದ್ದು ಅದೇ ಮೊದಲು.

ಸಭೆಯ ದಿನ ರಜೆಯ ದಿನವೇ ಆಗಿತ್ತು. ಮತ ಹಾಕುವ ಮುನ್ನ ಸ್ಥಳ ನೋಡಿಬಿಡೋಣ, ಒಂದು ಫೋಟೋನೂ ಆಗಲಿ ಎಂದು ಉಪಾಧ್ಯಕ್ಷರು ತಮ್ಮ ಕಡೆಯ ಸದಸ್ಯರನ್ನೆಲ್ಲಾ ಒಂದು ವ್ಯಾನಿನಲ್ಲಿ ತುಂಬಿಕೊಂಡು ಕೆರೆಗೆ ಹೋದರು. ಅಧ್ಯಕ್ಷೆ ಸಭೆಗೆ ಹೊರಡಲು ಕಾರಿನ ಹತ್ತಿರ ಬಂದಾಗ ಗಂಡ ತಲೆಯಾಡಿಸಿದ.

“ಕೂಡುರಸ್ತೆ ಪೂರ್ತಿ ಕಟ್ಕೊಂಡಿದೆ. ಕಚೇರಿಗೆ ಹೋಗಕ್ಕೆ ಅದೊಂದೇ ದಾರಿ. ಕಾರಲ್ಲಿ ಹೋದ್ರೆ ಸಂಜೆ ಸೇರ್ತೀಯ.”

ಇಬ್ಬರೂ ಗೋಡೆಗೆ ಒರಗಿದ್ದ ಸೈಕಲ್ಲಿನ ಕಡೆ ನೋಡಿದರು. ಗಂಡ ಏನೋ ಹೇಳಲು ಬಾಯಿ ತೆರೆದ. “ಕನ್ನಡಿ ಅಂದ್ರೆ ನೋಡಿ ಮತ್ತೆ,” ಎಂದರು ಅಧ್ಯಕ್ಷೆ. ಅವನು ಬಾಯಿ ಮುಚ್ಚಿ, ಚಕ್ರದ ಗಾಳಿ ಒತ್ತಿ ನೋಡಿದ. ಹೆಲ್ಮೆಟ್ಟಿನ ಪಟ್ಟಿಯನ್ನು ಹೆಂಡತಿಯ ಗಲ್ಲದ ಕೆಳಗೆ ತಾನೇ ಬಿಗಿದ.

ವಾಹನರಹಿತ ದಾರಿ ಮಾಡಿಸಿದವರು ಮೊದಲ ಸಲ ಜನರೆದುರು ಸೈಕಲ್ ತುಳಿದದ್ದು ಊರಿನಲ್ಲೇ ಅತಿ ಹೆಚ್ಚು ವಾಹನಗಳಿದ್ದ ರಸ್ತೆಯಲ್ಲಿ. ನಿಂತ ಕಾರುಗಳ ಸಂದಿಯಲ್ಲಿ ಅವರು ಹಲ್ಲು ಕಚ್ಚಿಕೊಂಡು ತೂರಿದರು. ಒಬ್ಬ ಹಾರ್ನ್ ಹೊಡೆದ, ಇನ್ನೊಬ್ಬ ಬೈದ, ಮತ್ತೊಬ್ಬಾಕೆ ಕಿಟಕಿಯಿಂದ “ಹೋಗಿ ಹೋಗಿ!” ಎಂದು ಚಪ್ಪಾಳೆ ತಟ್ಟಿದಳು. ಕೂಡುರಸ್ತೆಯಲ್ಲಿ ಉಪಾಧ್ಯಕ್ಷರ ವ್ಯಾನು ಹಿಂದೆ ಮುಂದೆ ಅಲುಗದ ಹಾಗೆ ಸಿಕ್ಕಿಕೊಂಡಿತ್ತು. ಉಪಾಧ್ಯಕ್ಷರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

“ಮೇಡಂ! ಒಂದ್ನಿಮಿಷ ನಿಲ್ಲಿ!”

“ನಿಂತ್ರೆ ಬೀಳ್ತೀನಿ! ಸಭೇಲಿ ಮಾತಾಡೋಣ!”

ಸಭಾಂಗಣದಲ್ಲಿ ಇದ್ದವರು ಕಚೇರಿಯ ಹಿಂದಿನ ಓಣಿಯಲ್ಲೇ ಮನೆಯಿದ್ದ ಇಬ್ಬರು ಸದಸ್ಯರು, ಮತ್ತು ಚಹಾ ಬಿಸ್ಕತ್ತಿಗಾಗಿ ಎಲ್ಲರಿಗಿಂತ ಮೊದಲೇ ಬರುವ ಹಿರಿಯ ಸದಸ್ಯರೊಬ್ಬರು. ಸದಸ್ಯರು ಬಾರದೆ ಸಭೆಗಳು ಮುರಿಯುತ್ತವೆಂದು, ನಾಲ್ಕು ಜನ ಇದ್ದರೂ ಕೋರಂ ಆಯಿತೆಂಬ ತಿದ್ದುಪಡಿಯನ್ನು ಹಿಂದಿನ ವರ್ಷ ತಂದವರು ಉಪಾಧ್ಯಕ್ಷರೇ. ಅಧ್ಯಕ್ಷೆ ಸ್ವಲ್ಪ ಹೊತ್ತು ಕಾದರು. ಕಾಯುವಾಗ ಬಾಗಿಲ ಕಡೆ ನೋಡುತ್ತಿದ್ದರಾದರೂ ಯಾರೂ ಬಾರದಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದರು. ಆಮೇಲೆ ಪ್ರಸ್ತಾಪವನ್ನು ಮತಕ್ಕೆ ಹಾಕಿದರು. ಹಿರಿಯರು ಬಿಸ್ಕತ್ತು ಹಿಡಿದ ಕೈಯನ್ನೇ ವಿರುದ್ಧವಾಗಿ ಎತ್ತಿದರು. ಉಳಿದವರೂ ಎತ್ತಿದರು. ಪ್ರಸ್ತಾಪ ಬಿತ್ತು.

ಉಪಾಧ್ಯಕ್ಷರು ಬಂದಾಗ ಸಭೆ ಮುಗಿದು ಜವಾನ ಚಹಾದ ಲೋಟ ತೊಳೆಯುತ್ತಿದ್ದ. “ಇದು ಅನ್ಯಾಯ!” ಎಂದು ಕೂಗಿದರು.

“ರಸ್ತೆ ಕಟ್ಕೊಂಡಿತ್ತಾ?” ಎಂದು ಕೇಳಿದರು ಅಧ್ಯಕ್ಷೆ, ಬಹಳ ಕಾಳಜಿಯಿಂದ.

ಅದೇ ವಾರ ಮೊಟ್ಟೆ ನೋಡಲು ಬೇಲಿಯೊಳಗೆ ಹೋದ ಅಧಿಕಾರಿಗೆ ಸಿಕ್ಕಿದ್ದು ಒಣಗಿದ ಚಿಪ್ಪಿನ ಚೂರು. ಮೊಟ್ಟೆಗಳು ಎಂದೋ ಒಡೆದು, ಮರಿಗಳು ತಾಯಿಯ ಹಿಂದೆ ನಡೆದು ಜೊಂಡಿನೊಳಗೆ ಸೇರಿದ್ದವು. ಊರಿನವರು ಇಷ್ಟು ದಿನ ದುರ್ಬೀನು ಹಿಡಿದು, ಮಕ್ಕಳಿಗೆ ತೋರಿಸಿ, ಫೋಟೋ ತೆಗೆದುಕೊಂಡದ್ದು ಪುರಸಭೆಯ ಜಲ್ಲಿಕಲ್ಲನ್ನು. ಸುದ್ದಿ ಹರಡಿದ ಮೇಲೆ ಒಂದೇ ಒಂದು ಕಾರು ಬರಲಿಲ್ಲ. ತಾನು ನೋಡಿದ್ದು ಕಲ್ಲನ್ನು ಎಂದು ಯಾರೂ ಒಪ್ಪಲೂ ಇಲ್ಲ.

ಬೇಲಿ ತೆಗೆದರು. ಉದ್ಘಾಟನೆ ಬೇಡವೆಂದರು ಅಧ್ಯಕ್ಷೆ. ದಾರಿ ಸುಮ್ಮನೆ ತೆರೆದುಕೊಂಡಿತು. ತಿಂಗಳೊಳಗೆ ಉಪಾಧ್ಯಕ್ಷರ ಅಂಗಡಿಯ ಮುಂದೆ ಸೈಕಲ್ ಟೈರುಗಳು ತೂಗಾಡತೊಡಗಿದವು. ಈ ದಾರಿಯ ಕನಸು ಮೊದಲು ಕಂಡವನು ನಾನೇ ಎಂದು ಅವರು ಗಿರಾಕಿಗಳಿಗೆ ಹೇಳುತ್ತಿದ್ದರಂತೆ.

ತೆರೆದ ಮೊದಲ ಬೆಳಗ್ಗೆ ಅಧ್ಯಕ್ಷೆ ಒಬ್ಬರೇ ಹೋಗಿ, ಕೆರೆಯ ಅಂಚಿನಗುಂಟ ಆ ತುದಿಯಿಂದ ಈ ತುದಿಗೆ ಬಂದರು. ಅತ್ತೆ ಮನೆಯ ಮೆಟ್ಟಿಲ ಮೇಲೆ ಕಾಯುತ್ತಿದ್ದರು.

“ಹೇಗಿತ್ತು?”

“ಚೆನ್ನಾಗಿತ್ತು ಅತ್ತೆ. ತಂಪಾಗಿತ್ತು.” ಸೊಸೆ ಸೈಕಲ್ ನಿಲ್ಲಿಸಿ ಪಕ್ಕದಲ್ಲೇ ಕೂತರು. “ಆದ್ರೆ ಸ್ವಲ್ಪ ಬೇಜಾರೂ ಆಯ್ತು. ಅಡ್ಡ ಬರೋರಿಲ್ಲ, ಬೈಯೋರಿಲ್ಲ.”

“ಮನೇಲಿ ನಾನಿಲ್ವಾ,” ಎಂದರು ಅತ್ತೆ, ಮತ್ತು ಇಬ್ಬರೂ ಒಳಗೆ ತಿಂಡಿಗೆ ಹೋದರು.